ಹೆಮಿಸ್‌ನ ಮುಖವಾಡದ ಕುಣಿತ ನೋಡೋಕೆ ಅಮ್ಮನ್ನೂ ಕರ್ಕೊಂಡು ಹೋಗಬಹುದಾ?

ತುಂಗಾತೀರ | ಜನವರಿ 9

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಕೆಲಸ ಬೆಂಗಳೂರಲ್ಲಿ. ಈ ಬೇಸಿಗೆಯಲ್ಲಿ ಲಡಾಖ್‌ನ ಹೆಮಿಸ್ ಗೊಂಪಾದಲ್ಲಿ, ಅಂದರೆ ಬೌದ್ಧ ಮಠದಲ್ಲಿ, ನಡೆಯುವ ಮುಖವಾಡದ ಕುಣಿತ ನೋಡಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ.

ಇದರ ಹಿಂದೆ ಒಂದು ಕ್ಯಾಲೆಂಡರ್ ಇದೆ. ನಾನು ಮೂರನೇ ಕ್ಲಾಸಲ್ಲಿದ್ದಾಗ ಅಪ್ಪ ಎಲ್ಲಿಂದಲೋ ತಂದಿದ್ದು. ಕಡುನೀಲಿ ಮುಖ, ಮೂರು ಕಣ್ಣು, ಕೋರೆಹಲ್ಲು, ತಲೆ ಮೇಲೆ ಸಾಲಾಗಿ ಐದು ಪುಟ್ಟ ತಲೆಬುರುಡೆ. ವರ್ಷ ಮುಗಿದರೂ ಅಪ್ಪ ಅದನ್ನು ಎಸೆಯಲಿಲ್ಲ, ಅಡಿಕೆ ಇಡೋ ಕೋಣೆಯ ಗೋಡೆಗೆ ಹಾಕಿದ್ದರು. ಅವರು ಹೋಗಿ ಆರು ವರ್ಷ ಆಯ್ತು, ಕ್ಯಾಲೆಂಡರ್ ಇನ್ನೂ ಅಲ್ಲೇ ಇದೆ. ನಾನು ಲಡಾಖ್ ಅಂದ ತಕ್ಷಣ ಅಮ್ಮ, "ಆ ಮುಖ ಎದುರಿಗೆ ನೋಡೋಕಾಗತ್ತಾ? ಹಂಗಿದ್ರೆ ನಾನೂ ಬರ್ತೀನಿ" ಅಂದರು.

ಅಮ್ಮನಿಗೆ 66, ಬಿಪಿ ಮಾತ್ರೆ ನಡೀತಾ ಇದೆ. ಅಷ್ಟು ಎತ್ತರಕ್ಕೆ ಕರ್ಕೊಂಡು ಹೋಗಬಹುದಾ? ಹಬ್ಬದ ತಾರೀಖು ಒಂದೊಂದು ಕಡೆ ಒಂದೊಂದು ಥರ ಇದೆ, ಯಾವುದನ್ನು ನಂಬೋದು? ಇನ್ನೊಂದು, ಒಬ್ಬ ಟ್ರಾವೆಲ್ ಏಜೆಂಟ್ "ಮುಂದಿನ ಸಾಲಿನ ಸೀಟು ಖಾತ್ರಿ" ಅಂತ ಬೇರೆ ದುಡ್ಡು ಕೇಳಿದ, ಸ್ವಲ್ಪ ಮುಂಗಡ ಕೊಟ್ಟಾಗಿದೆ. ಅಲ್ಲಿ ಸೀಟು ಅಂತ ನಿಜಕ್ಕೂ ಇರತ್ತಾ?

ನಿವೃತ್ತ_ಹವಾಲ್ದಾರ್ | ಜನವರಿ 9

ತಂಗಿ, ನಾನು ಕೊಡಗಿನವನು, ಎರಡು ಸಲ ಸೇರಿ ಐದು ವರ್ಷ ಲೇಹ್‌ನಲ್ಲಿ ಡ್ಯೂಟಿ ಮಾಡಿದ್ದೇನೆ.

ತಾರೀಖಿನ ಗೊಂದಲಕ್ಕೆ ಕಾರಣ ಪಂಚಾಂಗ. ಈ ಹಬ್ಬಕ್ಕೆ ಅವರು ಕರೆಯೋದು ತ್ಸೆಚು ಅಂತ. ಹಾಗೆಂದರೆ ಹತ್ತನೇ ದಿನ, ನಮ್ಮ ಲೆಕ್ಕದಲ್ಲಿ ಶುಕ್ಲಪಕ್ಷದ ದಶಮಿ. ಹೆಮಿಸ್‌ನದು ಟಿಬೆಟನ್ ಐದನೇ ತಿಂಗಳ ದಶಮಿ, ಏಕಾದಶಿ ಎರಡು ದಿನ. ಟಿಬೆಟ್‌ಗೆ ಬೌದ್ಧಧರ್ಮ ಒಯ್ದ ಗುರು ಪದ್ಮಸಂಭವರ ಜನ್ಮದಿನ ಅಂತ ಆಚರಿಸ್ತಾರೆ. ಯುಗಾದಿ ಹೇಗೆ ವರ್ಷ ವರ್ಷ ಹಿಂದೆ ಮುಂದೆ ಸರಿಯತ್ತೋ ಇದೂ ಹಾಗೇ, ಒಂದು ವರ್ಷ ಜೂನ್ ನಡುವಿಗೆ ಬಂದರೆ ಇನ್ನೊಂದು ವರ್ಷ ಜುಲೈ ಮೊದಲ ವಾರಕ್ಕೆ. ಹಳೇ ವರ್ಷದ ತಾರೀಖು ನೋಡಿ ವಿಮಾನದ ಟಿಕೆಟ್ ತೆಗೀಬೇಡ. ಆ ವರ್ಷದ ಪಟ್ಟಿ ಬಂದ ಮೇಲೆ ಲೇಹ್‌ಗೆ ಫೋನ್ ಮಾಡಿ ಖಚಿತ ಮಾಡ್ಕೋ.

ಸೀಟಿನ ಮಾತಿಗೆ ಬೆಲೆ ಕೊಡಬೇಡ. ಅಂಗಳದ ಸುತ್ತ ಊರ ಜನ ಬೆಳಿಗ್ಗೆಯೇ ಬಂದು ಕೂತಿರ್ತಾರೆ. ಮುಂಚೆ ಹೋದವರಿಗೆ ಜಾಗ.

ನನ್ನ ಮನಸ್ಸಿನ ಮಾತು ಕೇಳಿದರೆ ಹೆಮಿಸ್‌ಗಿಂತ ಚಳಿಗಾಲದ ಹಬ್ಬಗಳು ಒಂದು ಕೈ ಮೇಲು. ಹೆಮಿಸ್ ಬೀಳೋದು ಪ್ರವಾಸಿಗಳ ಕಾಲದಲ್ಲಿ, ಅದಕ್ಕೇ ಅಷ್ಟು ಹೆಸರು, ಅಷ್ಟು ನೂಕುನುಗ್ಗಲು. ಜನವರಿಯಲ್ಲಿ ಸ್ಪಿತುಕ್ ಗುಸ್ತೊರ್, ಫೆಬ್ರವರಿ-ಮಾರ್ಚ್‌ನಲ್ಲಿ ಮಾಥೋ ನಗ್ರಾಂಗ್ ಇವೆಲ್ಲ ಊರಿನವರ ಹಬ್ಬ. ಮಾಥೋದಲ್ಲಿ ಇಬ್ಬರು ಲಾಮಾಗಳ ಮೇಲೆ ದೇವರು ಬರತ್ತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೊಂಪಾದ ಮಾಳಿಗೆಯ ಅಂಚಲ್ಲಿ ಓಡ್ತಾರೆ, ಎದೆ ಬೆನ್ನ ಮೇಲೆ ಉಗ್ರ ಮುಖ ಬರೆದಿರತ್ತೆ. ಕೆಳಗೆ ನಿಂತವರಿಗೆ ಉಸಿರೇ ಆಡಲ್ಲ.

ಸ್ಪಿತುಕ್‌ನಲ್ಲಿ ನಡೆದ ಒಂದು ವಿಷಯ ಹೇಳ್ತೇನೆ. ಒಂದು ಜನವರಿ, ಬೆಳಗಿನ ಚಳಿಗೆ ಮೀಸೆ ಮೇಲೆ ಮಂಜು ಕಟ್ಟಿತ್ತು. ನಾನೂ ನಮ್ಮ ಪಟಾಲಮ್ಮಿನ ಧಾರವಾಡದ ಹುಡುಗನೂ ಮಾತಾಡ್ಕೊಂಡು ನಿಂತಿದ್ವಿ. ಹಿಂದಿನಿಂದ ಯಾರೋ "ಊಟ ಆಯ್ತಾ?" ಅಂದರು. ತಿರುಗಿದರೆ ವಯಸ್ಸಾದ ಒಬ್ಬ ಲಾಮಾ. ಉತ್ತರ ಕನ್ನಡದ ಮುಂಡಗೋಡಿನ ಡ್ರೆಪುಂಗ್ ಮಠದಲ್ಲಿ ಹದಿನಾಲ್ಕು ವರ್ಷ ಓದಿದವರಂತೆ. ಆ ಚಳಿಯಲ್ಲಿ ಮಿರ್ಚಿ ಬಜ್ಜಿ ನೆನೆಸಿಕೊಂಡರು. ನಮ್ಮ ಹುಡುಗನ ಕಣ್ಣಲ್ಲಿ ನೀರು ಬಂತು.

ಹಾಸನದ_ಡಾಕ್ಟ್ರು | ಜನವರಿ 10

ಅಮ್ಮನ ವಿಷಯಕ್ಕೆ ಮಾತ್ರ ಬರ್ತೇನೆ. ಲೇಹ್ ಇರೋದು ಸುಮಾರು 3,500 ಮೀಟರ್ ಎತ್ತರದಲ್ಲಿ. ವಿಮಾನದಲ್ಲಿ ಹೋದರೆ ದೇಹಕ್ಕೆ ಹೊಂದಿಕೊಳ್ಳೋಕೆ ಸಮಯವೇ ಸಿಗಲ್ಲ. ಬಿಪಿ ಹಿಡಿತದಲ್ಲಿದ್ದರೆ ಹೋಗಲೇಬಾರದು ಅಂತೇನಿಲ್ಲ, ಆದರೆ ಅವರನ್ನು ನೋಡ್ತಿರೋ ಡಾಕ್ಟರ ಹತ್ತಿರ ಇಸಿಜಿ ಮಾಡಿಸಿ, ಕೇಳಿಯೇ ತೀರ್ಮಾನಿಸಿ. ಎತ್ತರದ ಮಾತ್ರೆಯನ್ನೂ ಅವರು ಬರೆದುಕೊಟ್ಟರೆ ಮಾತ್ರ. ಹೋದ ಮೇಲೆ ಎರಡು ದಿನ ಪೂರ್ತಿ ವಿಶ್ರಾಂತಿ, ಮಾರುಕಟ್ಟೆ ಸುತ್ತೋದೂ ಬೇಡ. ತಲೆನೋವು ಜಾಸ್ತಿಯಾದರೆ, ವಾಂತಿ, ಕೂತಲ್ಲೇ ಏದುಸಿರು, ನಡಿಗೆ ತೂರಾಡೋದು ಕಂಡರೆ ಹಬ್ಬ ನೋಡ್ಕೊಂಡು ಹೋಗೋಣ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಕುಶಾಲನಗರ_ಅಂಗಡಿ | ಜನವರಿ 10

ಮೇಡಂ, ಅಮ್ಮನಿಗೆ ಆ ಮುಖ ನೋಡಬೇಕು ಅಂತಿದ್ದರೆ ಲಡಾಖ್‌ತನಕ ಯಾಕೆ? ನಮ್ಮೂರಿಂದ ಕಾವೇರಿ ಸೇತುವೆ ದಾಟಿದರೆ ಬೈಲುಕುಪ್ಪೆ. ಸ್ವರ್ಣ ಮಂದಿರ ಅಂತ ಎಲ್ಲರೂ ನೋಡೋಕೆ ಬರ್ತಾರಲ್ಲ, ಅದು ನಮ್ಡ್ರೋಲಿಂಗ್ ಮಠ. ಪೆನೊರ್ ರಿಂಪೊಚೆ ಅನ್ನೋ ಟಿಬೆಟನ್ ಗುರು 1963ರಲ್ಲಿ ಶುರು ಮಾಡಿದ್ದು. ದೊಡ್ಡ ಚಿನ್ನದ ಮೂರ್ತಿಗಳ ಮುಂದೆ ಫೋಟೋ ತೆಗೆಸಿಕೊಂಡು, ಮೊಮೊ ತಿಂದು ಜನ ಹೊರಟುಬಿಡ್ತಾರೆ. ಲೋಸಾರ್, ಅಂದರೆ ಅವರ ಹೊಸ ವರ್ಷಕ್ಕೆ ಮುಂಚೆ ಇಲ್ಲಿ ಚಾಮ್, ಅಂದರೆ ಇದೇ ಮುಖವಾಡದ ಕುಣಿತ, ಆಗತ್ತೆ ಅಂತ ಮೈಸೂರಿನವರಿಗೇ ಗೊತ್ತಿಲ್ಲ.

ಟಿಬೆಟನ್ ಹನ್ನೆರಡನೇ ತಿಂಗಳ 29ಕ್ಕೆ ಗುಟೊರ್. ನಮ್ಮ ಅಮಾವಾಸ್ಯೆ ಆಸುಪಾಸಿನ ದಿನ, ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಕೆಲವು ವರ್ಷ ಮಾರ್ಚ್ ಹತ್ತಿರ. ಹಳೇ ವರ್ಷದ ಕೆಡುಕನ್ನೆಲ್ಲ ಓಡಿಸೋ ದಿನ ಅದು. ಅವತ್ತು ರಾತ್ರಿ ಅವರ ಮನೆಗಳಲ್ಲಿ ಗುಥುಕ್ ಅಂತ ಸಾರು ಮಾಡ್ತಾರೆ. ಅದರೊಳಗೆ ದೊಡ್ಡ ಹಿಟ್ಟಿನ ಉಂಡೆ, ಉಂಡೆಯೊಳಗೆ ಒಂದೊಂದು ವಸ್ತು. ಮೆಣಸಿನಕಾಯಿ ಸಿಕ್ಕಿದವರು ಬಾಯಿಬಡುಕರು, ಇದ್ದಿಲು ಸಿಕ್ಕಿದವರ ಮನಸ್ಸು ಕಪ್ಪು. ನಮ್ಮ ಅಂಗಡಿಗೆ ಬರೋ ಟಿಬೆಟನ್ ಅಜ್ಜಿ ಒಬ್ಬರ ಮನೆಯಲ್ಲಿ ನನಗೆ ಮೂರು ವರ್ಷ ಮೆಣಸಿನಕಾಯಿಯೇ ಬಂತು.

ಪರ್ಮಿಟ್ ನಮಗೆ ಬೇಡ. ವಿದೇಶಿ ಪಾಸ್‌ಪೋರ್ಟ್ ಇರೋ ನೆಂಟರು ಜೊತೆಗಿದ್ದು, ಅಲ್ಲೇ ರಾತ್ರಿ ತಂಗೋದಾದರೆ ಮಾತ್ರ ಪಿಎಪಿ (ಸಂರಕ್ಷಿತ ಪ್ರದೇಶದ ಪರ್ಮಿಟ್) ಬೇಕು. ಅದು ಬರೋಕೆ ವಾರಗಟ್ಟಲೆ ಹಿಡಿಯತ್ತೆ, ಮೊದಲೇ ಅರ್ಜಿ ಹಾಕಬೇಕು.

ಕ್ಯಾಮೆರಾ_ಚೀಲ | ಜನವರಿ 12

ಹೆಮಿಸ್ ಎರಡು ಸಲ ಮಾಡಿದ್ದೇನೆ. ಫೋಟೋ ತೆಗೆಯೋರಿಗೆ 70-200 ಲೆನ್ಸ್ ಸಾಕು. ಬೆಳಗಿನ ಬಿಸಿಲು ಅಂಗಳಕ್ಕೆ ಓರೆಯಾಗಿ ಬೀಳೋವಾಗ ರೇಷ್ಮೆ ಬಟ್ಟೆಯ ಬಣ್ಣ ಚೆನ್ನಾಗಿ ಬರತ್ತೆ. ಮಧ್ಯಾಹ್ನ ಬಿಸಿಲು ನೆತ್ತಿಗೆ ಬಂದರೆ ಮುಖವಾಡದ ಕಣ್ಣುಗಳೆಲ್ಲ ಕತ್ತಲೆ. ನಿಜ ಹೇಳಬೇಕಂದ್ರೆ ಎರಡು ಗಂಟೆ ನೋಡಿದರೆ ಸಾಕು. ಒಂದೇ ಹೆಜ್ಜೆ, ಒಂದೇ ಸುತ್ತು, ಗಂಟೆಗಟ್ಟಲೆ. ಮೊದಲ ದಿನ ಬೆಳಿಗ್ಗೆ ನೋಡಿಕೊಂಡು ಮಧ್ಯಾಹ್ನಕ್ಕೆ ಥಿಕ್ಸೆ, ಶೇ ಗೊಂಪಾಗಳನ್ನು ಮುಗಿಸಿಬಿಡಿ.

ಕರಾವಳಿ_ಚೌಕಿ | ಜನವರಿ 12

ಎರಡು ಗಂಟೆ ಸಾಕು ಅನ್ನೋದು ನನಗೆ ಒಪ್ಪಿಗೆ ಇಲ್ಲ ಮಾರಾಯ್ರೆ. ನಾನು ಮೂವತ್ತು ವರ್ಷ ಯಕ್ಷಗಾನ ಮೇಳದಲ್ಲಿ ಬಣ್ಣದ ವೇಷ ಮಾಡಿದವ. ರಾತ್ರಿಯಿಡೀ ಆಟ ನೋಡಿದವನಿಗೆ ಬೆಳಗಿನ ಜಾವ ನಾಲ್ಕಕ್ಕೆ ಏನು ಸಿಗ್ತದೋ ಅದು ಹತ್ತು ಗಂಟೆಗೆ ಬಂದು ಹನ್ನೆರಡಕ್ಕೆ ಎದ್ದು ಹೋದವನಿಗೆ ಸಿಗುವುದಿಲ್ಲ.

ಮಗಳ ಜೊತೆ ಲಡಾಖಿನ ಲಾಮಾಯುರು ಗೊಂಪಾಕ್ಕೆ ಹೋಗಿದ್ದಾಗ ಯುರು ಕಬ್‌ಗ್ಯಾತ್ ಹಬ್ಬದಲ್ಲಿ ಎರಡೂ ದಿನ ಕೂತೆ. ಮೊದಲ ದಿನ ನನಗೂ ಬೇಸರ ಬಂತು, ಸುಳ್ಳು ಹೇಳುವುದಿಲ್ಲ. ನಮ್ಮ ಹಾಗೆ ಮಾತಿಲ್ಲ, ಅರ್ಥಗಾರಿಕೆ ಇಲ್ಲ, ಪದ್ಯ ಇಲ್ಲ. ಒಂದು ಕಾಲು ಎತ್ತಿ, ಹಾಗೇ ನಿಂತು, ಮೈ ತಿರುಗಿಸಿ, ಮೆಲ್ಲಗೆ ಇಳಿಸುವುದು. ಎರಡನೇ ದಿನ ನನಗೆ ತಿಳಿಯಿತು, ಅವರು ನಮಗಾಗಿ ಕುಣಿಯುತ್ತಾ ಇಲ್ಲ. ಭೂತಕೋಲದಲ್ಲಿ ಮುಖವಾಡ ಏರಿದ ಮೇಲೆ ಆ ಮನುಷ್ಯ ಹೇಗೆ ಮನುಷ್ಯ ಅಲ್ಲವೋ ಹಾಗೆಯೇ ಇದು. ಆದರೆ ಒಂದು ವ್ಯತ್ಯಾಸ ಉಂಟು. ಕೋಲದಲ್ಲಿ ದೈವ ಮೈಮೇಲೆ ಬರ್ತದೆ. ಚಾಮ್‌ನಲ್ಲಿ ಲಾಮಾ ತಾನೇ ಆ ದೇವತೆ ಅಂತ ಧ್ಯಾನದಲ್ಲಿ ಭಾವಿಸಿಕೊಂಡು ಬರ್ತಾನೆ, ಪ್ರಜ್ಞೆ ತಪ್ಪುವುದಿಲ್ಲ. ಮಾಥೋದ ಆ ಇಬ್ಬರ ಕತೆ ಬೇರೆ, ಅದು ನಮ್ಮ ದರ್ಶನಕ್ಕೆ, ಅಂದರೆ ಮೈಮೇಲೆ ಬರುವುದಕ್ಕೆ, ಹತ್ತಿರ. ಹೆಜ್ಜೆಗಳೆಲ್ಲ ಹಿಂದಿನವರು ಬರೆದಿಟ್ಟದ್ದು, ಅದಕ್ಕೆ ಚಾಮ್‌ಯಿಗ್ ಅನ್ನುತ್ತಾರೆ. ಕಲಿಸುವ ಗುರುವಿಗೆ ಚಾಮ್‌ಪೊನ್. ಅವನ ಕೈಸನ್ನೆ ಇಲ್ಲದೆ ಯಾರೂ ಕಾಲು ತೆಗೆಯುವುದಿಲ್ಲ.

ಇನ್ನೊಂದು ವಿಷಯ ವೇಷ ಕಟ್ಟಿದವನಿಗೆ ಮಾತ್ರ ಹೊಳೆಯುವಂಥದ್ದು. ಆ ಮುಖವಾಡಗಳು ಮನುಷ್ಯನ ತಲೆಗಿಂತ ದೊಡ್ಡವು. ಎಷ್ಟೋ ಮುಖವಾಡದಲ್ಲಿ ಕುಣಿಯುವವ ನೋಡುವುದು ಕಣ್ಣಿನ ತೂತಿನಿಂದ ಅಲ್ಲ, ತೆರೆದ ಬಾಯಿಯಿಂದ. ಅವನಿಗೆ ಕಾಣುವುದು ಎದುರಿನ ನಾಲ್ಕು ಮಾರು ನೆಲ ಅಷ್ಟೆ. ಪಕ್ಕದಿಂದ ಯಾರಾದರೂ ಕ್ಯಾಮೆರಾ ಹಿಡಿದು ನುಗ್ಗಿದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಒಬ್ಬ ಪ್ರವಾಸಿ ಹಾಗೆ ಅಂಗಳದ ಒಳಗೇ ಕಾಲಿಟ್ಟು ಫ್ಲ್ಯಾಶ್ ಹೊಡೆದ. ಮುಖಕ್ಕೆ ಫ್ಲ್ಯಾಶ್ ಬಿದ್ದು ತಾಳ ತಪ್ಪಿದ ಸಂಕಟ ನಾನು ರಂಗದ ಮೇಲೆ ಅನುಭವಿಸಿದವ. ನನಗೆ ಎದ್ದು ಅವನ ಕೈ ಹಿಡಿದು ಕೂರಿಸಬೇಕು ಅನ್ನಿಸಿತು.

ಕ್ಯಾಮೆರಾ_ಚೀಲ | ಜನವರಿ 13

ಚೌಕಿ ಸರ್, ನೀವು ಹೇಳಿದ್ದನ್ನು ರಾತ್ರಿಯೆಲ್ಲ ಯೋಚನೆ ಮಾಡಿದೆ. ನಾನು ಯಾವತ್ತೂ ಅಂಗಳಕ್ಕೆ ಇಳಿದಿಲ್ಲ, ಫ್ಲ್ಯಾಶ್ ಹಾಕಿಲ್ಲ. ಆದರೆ ಹಿಂದೆ ಕೂತ ಅಜ್ಜಿಯರಿಗೆ ಅಡ್ಡ ನಿಂತಿದ್ದು ನಿಜ. ಅವರು ಏನೂ ಹೇಳಲ್ಲ, ಸುಮ್ಮನೆ ಒಂದು ಕಡೆ ವಾಲಿ ನೋಡ್ತಾರೆ. ಅದು ಈಗ ನೆನಪಾಗ್ತಿದೆ. ಫೋಟೋ ನನ್ನ ನೋಡುವ ರೀತಿ, ಅದನ್ನು ಬಿಡೋಕಾಗಲ್ಲ. ಇನ್ನು ಮೇಲೆ ಕೂತೇ ತೆಗೀತೀನಿ.

ಪಾರೋ_ಮೇಷ್ಟ್ರು | ಜನವರಿ 15

ತಡವಾಗಿ ಬರ್ತಾ ಇದ್ದೇನೆ. ನಾನು ಭೂತಾನ್‌ನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಪಾರೋ ತ್ಸೆಚು ನಡೆಯೋದು ಅಲ್ಲಿನ ಕೋಟೆಯಂಥ ಮಠ ರಿನ್‌ಪುಂಗ್ ಜೋಂಗ್‌ನಲ್ಲಿ, ಮಾರ್ಚ್-ಏಪ್ರಿಲ್‌ನಲ್ಲಿ. ಕೊನೆಯ ದಿನ ಸೂರ್ಯ ಹುಟ್ಟೋಕೆ ಮುಂಚೆ ಥೋಂಗ್‌ಡ್ರೋಲ್ ಬಿಚ್ಚುತ್ತಾರೆ. ಕಟ್ಟಡದಷ್ಟು ಎತ್ತರದ ಬಟ್ಟೆಯ ಚಿತ್ರ, ನಡುವೆ ಗುರು ಪದ್ಮಸಂಭವ. ನೋಡಿದ ಮಾತ್ರಕ್ಕೇ ಬಿಡುಗಡೆ ಅಂತ ಆ ಹೆಸರಿನ ಅರ್ಥ. ಬಿಸಿಲು ತಾಗುವ ಮುಂಚೆ ಸುತ್ತಿ ಒಳಗಿಡಬೇಕು. ನನ್ನ ವಿದ್ಯಾರ್ಥಿಗಳ ಮನೆಯವರೆಲ್ಲ ಬೆಳಗಿನ ಜಾವ ಮೂರಕ್ಕೇ ಎದ್ದು, ಇದ್ದುದರಲ್ಲಿ ಒಳ್ಳೆಯ ಕಿರಾ, ಘೋ ಉಟ್ಟು, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಸಾಲಲ್ಲಿ ನಿಲ್ಲೋರು. ಚಿತ್ರದ ಕೆಳಗಿನ ಅಂಚಿಗೆ ಹಣೆ ಮುಟ್ಟಿಸಿ ಮುಂದಕ್ಕೆ ಹೋಗೋದು.

ಅಲ್ಲಿನ ಒಂದು ಕುಣಿತ ನಮ್ಮವರು ನೋಡಲೇಬೇಕು. ರಕ್ಷಾ ಮಾಂಗ್‌ಚಾಮ್, ಸತ್ತವರ ವಿಚಾರಣೆ. ನಡುವೆ ದೊಡ್ಡ ಗಾತ್ರದ ಯಮಧರ್ಮ, ಅವರ ಭಾಷೆಯಲ್ಲಿ ಶಿಂಜೆ ಚೋಗ್ಯಾಲ್. ಸತ್ತವನ ಪರವಾಗಿ ಬಿಳಿಯ ದೇವತೆ, ವಿರುದ್ಧವಾಗಿ ಕಪ್ಪು ದೆವ್ವ. ಮಾಡಿದ ಒಳ್ಳೆಯದಕ್ಕೆ ಬಿಳಿ ಕಲ್ಲು, ಕೆಟ್ಟದ್ದಕ್ಕೆ ಕರಿ ಕಲ್ಲು, ತಕ್ಕಡಿಯಲ್ಲಿ ತೂಗೋದು. ಚಿತ್ರಗುಪ್ತನ ಲೆಕ್ಕದ ಪುಸ್ತಕ ಕೇಳಿ ಬೆಳೆದ ನನಗೆ ಭಾಷೆ ಬರದಿದ್ದರೂ ಎಲ್ಲ ಅರ್ಥ ಆಯ್ತು. ಪಾಪಿಯನ್ನು ಎಳೆದುಕೊಂಡು ಹೋಗುವಾಗ ಮಕ್ಕಳು ಕೂಗಾಡ್ತಾರೆ, ಮುದುಕರು ಮಾತ್ರ ಜಪಸರ ಬಿಗಿಯಾಗಿ ಹಿಡ್ಕೊಂಡು ತುಟಿ ಅಲ್ಲಾಡಿಸ್ತಾ ಕೂತಿರ್ತಾರೆ. ಸತ್ತ ಮೇಲೆ ದಾರಿಯಲ್ಲಿ ಇವೇ ಮುಖಗಳು ಎದುರಾಗ್ತವೆ, ಈಗಲೇ ನೋಡಿ ಪರಿಚಯ ಇದ್ದರೆ ಆಗ ಹೆದರಿಕೆ ಆಗಲ್ಲ ಅಂತ ಪಕ್ಕದ ಮನೆಯ ಅಜ್ಜ ನನಗೆ ಹೇಳಿದ್ದರು. ಉಗ್ರ ಮುಖವಾಡಗಳ ಬಗ್ಗೆ ನಾನು ಕೇಳಿದ್ದರಲ್ಲಿ ಮನಸ್ಸಿಗೆ ನಾಟಿದ ಮಾತು ಅದೊಂದೇ.

ಪೂರ್ವ ಭೂತಾನ್‌ನ ಡ್ರಾಮೆತ್ಸೆ ಎಂಬ ಹಳ್ಳಿಯ ಡೋಲು ಕುಣಿತ ಯುನೆಸ್ಕೊ ಪಟ್ಟಿಯಲ್ಲಿದೆ, ಹದಿನಾರು ಮಂದಿ ಮುಖವಾಡ ಹಾಕಿ ಕುಣಿಯೋದು. ಅದನ್ನು ಬೇರೆ ತ್ಸೆಚುಗಳಲ್ಲೂ ಆಡ್ತಾರೆ.

ಖರ್ಚಿನ ಮಾತು: ಭಾರತೀಯರು ರಾತ್ರಿಗೆ ತಲಾ 1,200 ರೂಪಾಯಿ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇದ್ದರೆ ಆಯ್ತು, ವೀಸಾ ಬೇಡ. ಜೋಂಗ್ ಒಳಗೆ ಟೋಪಿ ತೆಗೀಬೇಕು, ಅರ್ಧ ಚಡ್ಡಿ ಹಾಕಿದವರನ್ನು ಬಿಡಲ್ಲ.

ತುಂಗಾತೀರ | ಜನವರಿ 16

ಎಲ್ಲರಿಗೂ ಕೈ ಮುಗಿದೆ. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಯಮಧರ್ಮನ ತಕ್ಕಡಿ ಅಂದಾಗ "ಮೊದ್ಲು ಬೈಲುಕುಪ್ಪೆ ನೋಡಣ" ಅಂದರು. ಕುಶಾಲನಗರದವರೇ, ಗುಟೊರ್ ದಿನ ದಯವಿಟ್ಟು ತಿಳಿಸಿ.

ತುಂಗಾತೀರ | ಫೆಬ್ರವರಿ 22

ಹೋಗಿ ಬಂದ್ವಿ. ಬರೆಯೋಕೆ ಮೂರು ದಿನ ಬೇಕಾಯ್ತು.

ಹಿಂದಿನ ರಾತ್ರಿಯೇ ಕುಶಾಲನಗರದಲ್ಲಿ ಉಳಿದು ಬೆಳಿಗ್ಗೆ ಆಟೋದಲ್ಲಿ ಹೋದ್ವಿ. ಮಠದ ಅಂಗಳದಲ್ಲಿ ಟಿಬೆಟನ್ ಹಿರಿಯರು ಚಾಪೆ, ಫ್ಲಾಸ್ಕು, ಬಿಸ್ಕತ್ತಿನ ಡಬ್ಬಿ ಸಮೇತ ಬಂದು ಕೂತಿದ್ದರು, ಥೇಟ್ ನಮ್ಮೂರ ರಥೋತ್ಸವಕ್ಕೆ ಕೂತ ಹಾಗೆ. ಒಬ್ಬ ಹೆಂಗಸು ಅಮ್ಮನ್ನ ನೋಡಿ "ಇಲ್ಲಿ ಬನ್ನಿ, ನೆರಳಿದೆ" ಅಂತ ಸ್ವಚ್ಛ ಕನ್ನಡದಲ್ಲಿ ಕರೆದು ಚಾಪೆಯಲ್ಲಿ ಜಾಗ ಮಾಡಿಕೊಟ್ಟರು. ಬೈಲುಕುಪ್ಪೆಯಲ್ಲೇ ಹುಟ್ಟಿದವರು. ಅವರ ತಂದೆ ತಾಯಿ 60ರ ದಶಕದಲ್ಲಿ ಬಂದು ಇಲ್ಲಿ ಕಾಡು ಕಡಿದು ಜೋಳ ಬಿತ್ತಿದವರಂತೆ. ಅಮ್ಮ ಮತ್ತೆ ಅವರು ಮಧ್ಯಾಹ್ನದವರೆಗೆ ಮಂಡಿ ನೋವಿನ ವಿಷಯ ಮಾತಾಡಿದ್ದೇ ಮಾತಾಡಿದ್ದು.

ಮೊದಲು ದುಂಗ್‌ಚೆನ್ ಊದಿದರು, ಆ ಉದ್ದನೆಯ ತಾಮ್ರದ ಕೊಂಬು. ಆ ಶಬ್ದ ಕಿವಿಗಿಂತ ಮೊದಲು ಹೊಟ್ಟೆಗೆ ಬಂತು. ಆಮೇಲೆ ಕಪ್ಪು ಟೋಪಿಯವರು. ಅವರಿಗೆ ಮುಖವಾಡ ಇಲ್ಲ. ಅಗಲ ಅಂಚಿನ ಟೋಪಿ, ನೆಲದವರೆಗೆ ಇಳಿಬಿಟ್ಟ ತೋಳಿನ ರೇಷ್ಮೆ ನಿಲುವಂಗಿ. ಪಕ್ಕದ ಹೆಂಗಸು ಆ ತೋಳಿನ ಕತೆ ಹೇಳಿದರು. ಒಂಬತ್ತನೇ ಶತಮಾನದಲ್ಲಿ ಲಾಂಗ್‌ದರ್ಮಾ ಅನ್ನೋ ರಾಜ ಬೌದ್ಧ ಮಠಗಳನ್ನು ಹಾಳುಗೆಡವಿದನಂತೆ. ಒಬ್ಬ ಭಿಕ್ಷು ಇಂಥದೇ ಅಗಲ ತೋಳಿನೊಳಗೆ ಬಿಲ್ಲು ಬಾಣ ಅಡಗಿಸಿ ತಂದು ಅವನನ್ನು ಕೊಂದ. ಬಿಳಿ ಕುದುರೆಗೆ ಮಸಿ ಬಳಿದು ಬಂದಿದ್ದನಂತೆ. ತಪ್ಪಿಸಿಕೊಂಡು ಹೋಗುವಾಗ ಹೊಳೆ ದಾಟಿದ, ಮಸಿ ತೊಳೆದುಹೋಯ್ತು. ನಿಲುವಂಗಿಯ ಒಳಮೈ ಬಿಳಿ, ಅದನ್ನೂ ತಿರುಗಿಸಿ ಹಾಕಿಕೊಂಡ. ಬೆನ್ನಟ್ಟಿದವರು ಕರಿ ಕುದುರೆಯ ಕರಿ ಸವಾರನನ್ನೇ ಹುಡುಕುತ್ತಾ ಉಳಿದರು. ಕೊಲ್ಲಬಾರದು ಅನ್ನೋ ಧರ್ಮದಲ್ಲಿ ಇದು ಹೇಗೆ ಅಂತ ಕೇಳಿದೆ. "ಅವನ ಪಾಪ ಇನ್ನೂ ಬೆಳೀಬಾರದು ಅಂತ ಕರುಣೆಯಿಂದ ಮಾಡಿದ್ದು" ಅಂದರು. ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ, ಇವತ್ತಿಗೂ ಅದನ್ನೇ ಯೋಚಿಸ್ತಾ ಇದ್ದೇನೆ.

ಮಧ್ಯಾಹ್ನ ಕಳೆದ ಮೇಲೆ, ಅಮ್ಮ ಅರ್ಧ ತೂಕಡಿಸುತ್ತಿದ್ದಾಗ, ಮೆಟ್ಟಿಲ ಮೇಲಿನ ಪರದೆ ಸರಿದು ಕಡುನೀಲಿ ಮುಖ ಬಂತು. ಮೂರು ಕಣ್ಣು, ಐದು ತಲೆಬುರುಡೆ. ಅಮ್ಮ ನನ್ನ ಮಣಿಕಟ್ಟು ಹಿಡಿದರು, ಬಳೆ ಒತ್ತಿ ಗುರುತಾಗುವಷ್ಟು ಗಟ್ಟಿಯಾಗಿ. "ಇದೇ ಅಲ್ವೇನೇ?" ಅಂದರು. ಮಹಾಕಾಲ ಅಂತ ಪಕ್ಕದವರು ಹೇಳಿದರು, ಧರ್ಮ ಕಾಯುವವನು. ಆ ಐದು ತಲೆಬುರುಡೆ ಕೋಪ, ಮೋಹ, ಅಹಂಕಾರ ಇತ್ಯಾದಿ ಐದು ವಿಷಗಳದ್ದಂತೆ, ಅವು ಸೋತು ಐದು ಜ್ಞಾನವಾಗಿ ತಲೆ ಮೇಲೆ ಕಿರೀಟವಾಗಿ ಕೂತಿವೆಯಂತೆ. ಅಮ್ಮ ಎದ್ದು ನಿಂತು, ಚಪ್ಪಲಿ ಬಿಟ್ಟು, ನಮ್ಮ ದೇವಸ್ಥಾನದಲ್ಲಿ ಹೇಗೋ ಹಾಗೇ ಕೈ ಮುಗಿದರು.

ಸಂಜೆ ಮುಂದೆ ವಾದ್ಯ, ಹಿಂದೆ ಜನ, ದೊಡ್ಡ ತೊರ್ಮಾವನ್ನು, ಅಂದರೆ ಹಿಟ್ಟಿನಲ್ಲಿ ಮಾಡಿದ ಬಲಿಯನ್ನು, ಹೊರಗೆ ಹೊತ್ತುಕೊಂಡು ಹೋಗಿ ಬೆಂಕಿಗೆ ಹಾಕಿದರು. ಹಳೇ ವರ್ಷದ್ದೆಲ್ಲ ಅಲ್ಲಿಗೆ ಮುಗಿಯಿತು.

ಬಸ್ಸಲ್ಲಿ ವಾಪಸ್ ಬರುವಾಗ ಅಮ್ಮ ಹೇಳಿದ್ದು ಇಷ್ಟು: "ನಂಗೆ ಇಷ್ಟು ಸಾಕು. ಲಡಾಖಿಗೆ ನೀ ಹೋಗಿ ಬಾ."

ಕುಶಾಲನಗರ_ಅಂಗಡಿ | ಫೆಬ್ರವರಿ 22

ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ಆ ಬಿಳಿ ಕುದುರೆಯ ಕತೆ ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಲೂ ಇಲ್ಲ ಅನ್ನಿ.

ನಿವೃತ್ತ_ಹವಾಲ್ದಾರ್ | ಫೆಬ್ರವರಿ 23

ತಂಗಿ, ಓದಿ ಖುಷಿಯಾಯ್ತು. ಹೆಮಿಸ್‌ಗೆ ಹೋಗೋದು ಬಿಡಬೇಡ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಮಾಡಿಸ್ಕೋ. ಹೆಮಿಸ್‌ಗೆ ಪರ್ಮಿಟ್ ಬೇಡ. ತ್ಸೋ ಮೊರಿರಿ ಸರೋವರದ ಕೊರ್ಜೊಕ್ ಹಬ್ಬಕ್ಕೆ ಹೋಗೋದಾದರೆ ಆಗಿನ ನಿಯಮ ಕೇಳ್ಕೋ. ಮತ್ತೆ, ಹೆಮಿಸ್‌ನಲ್ಲಿ 12 ವರ್ಷಕ್ಕೊಮ್ಮೆ ಟಿಬೆಟನ್ ಪಂಚಾಂಗದ ಮಂಗನ ವರ್ಷದಲ್ಲಿ ಹೊರತೆಗೆಯೋ ದೊಡ್ಡ ಥಂಕಾ (ಬಟ್ಟೆಯ ಚಿತ್ರ) ಈ ಸಲ ಇರಲ್ಲ. ಅದು 2016ರಲ್ಲಿ ಆಯ್ತು, ಮುಂದಿನದು 2028.

ತುಂಗಾತೀರ | ಜುಲೈ 4

ಮೊದಲು ಬೇಸರದ್ದು ಹೇಳಿ ಮುಗಿಸ್ತೇನೆ. ಮುಂಗಡ ತಗೊಂಡಿದ್ದ ಏಜೆಂಟ್‌ನ "ಖಾತ್ರಿ ಸೀಟು" ಅಲ್ಲಿ ಇರಲೇ ಇಲ್ಲ, ಕೇಳಿದರೆ ಫೋನ್ ಎತ್ತಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ದಯವಿಟ್ಟು ಯಾರೂ ಕೊಡಬೇಡಿ.

ಡಾಕ್ಟ್ರು ಹೇಳಿದ ಹಾಗೆ ಎರಡು ದಿನ ಲೇಹ್‌ನಲ್ಲಿ ರೂಮು ಬಿಟ್ಟು ಕದಲಲಿಲ್ಲ. ಮೂರನೇ ದಿನ ಬೆಳಿಗ್ಗೆ 6ಕ್ಕೆ ಹೊರಟೆ. ಸಿಂಧೂ ನದಿಯ ಜೊತೆಜೊತೆಗೇ ನಲವತ್ತು ಕಿಲೋಮೀಟರ್ ಚಿಲ್ಲರೆ. ಕಾರು ಅನ್ನೋ ಊರಲ್ಲಿ ಸೇತುವೆ ದಾಟಿ ಎದುರಿನ ಬೆಟ್ಟದ ಸಂದಿಗೆ ಹತ್ತಬೇಕು. ಕೊನೆಯ ತಿರುವಿನವರೆಗೆ ಗೊಂಪಾ ಕಾಣೋದೇ ಇಲ್ಲ. ಕಂದು ಬಂಡೆಗಳ ನಡುವೆ ಹಸಿರು ಮರಗಳು, ಇದ್ದಕ್ಕಿದ್ದ ಹಾಗೆ ಬಿಳಿ ಗೋಡೆ.

ಹವಾಲ್ದಾರ್ ಅಣ್ಣ ಹೇಳಿದ ನೂಕುನುಗ್ಗಲು ಸುಳ್ಳಲ್ಲ. ಮಾಳಿಗೆ ತುಂಬ ಜನ. ನಾನು ಕ್ಯಾಮೆರಾದವರ ಗುಂಪು ಬಿಟ್ಟು ಅಂಗಳದ ಎದುರು ಮೂಲೆಯಲ್ಲಿ ಅಜ್ಜಿಯರ ಸಾಲಿನ ಕೊನೆಗೆ ಕೂತೆ. ಅವರನ್ನು ಅಲ್ಲಿ ಅಬಿ-ಲೆ ಅಂತ ಕರೀತಾರೆ. "ಜುಲೆ" ಅಂದೆ, ನಮಸ್ಕಾರ ಅಂತ. ಮಣಿಚಕ್ರ ತಿರುಗಿಸುತ್ತಿದ್ದ ಒಬ್ಬರು ಸ್ವಲ್ಪ ಸರಿದು ತಮ್ಮ ಕಂಬಳಿಯ ಅಂಚನ್ನು ನನ್ನ ಕಡೆಗೆ ಹಾಸಿದರು.

ಗುರು ಪದ್ಮಸಂಭವರ ಎಂಟು ರೂಪಗಳು ಬಂದಾಗಿನದ್ದನ್ನು ಎಷ್ಟು ಬರೆದರೂ ಸಾಲದು. ಚಿನ್ನದ ಬಣ್ಣದ ಶಾಂತ ಮುಖ, ಮೇಲೆ ರೇಷ್ಮೆಯ ಕೊಡೆ. ಊರ ಜನ ಒಬ್ಬರ ಹಿಂದೆ ಒಬ್ಬರು ಹೋಗಿ ಬಿಳಿ ಖತಾ, ಅಂದರೆ ಗೌರವದ ಶಾಲು, ಅರ್ಪಿಸಿ ತಲೆ ಬಾಗಿಸಿದರು. ಎಂಟು ರೂಪಗಳಲ್ಲಿ ಕೆಲವು ಸೌಮ್ಯ, ಕೆಲವು ಉಗ್ರ. ಸಿಂಹಗರ್ಜನೆಯ ಸೆಂಗೆ ಡ್ರಾದೋಗ್, ಹೆಣ್ಣು ಹುಲಿಯ ಮೇಲೆ ಬರುವ ದೋರ್ಜೆ ಡ್ರೊಲೊ. ಎಲ್ಲ ಒಬ್ಬನೇ ಗುರು. ಮನೆಯಲ್ಲಿ ನಗುತ್ತಿದ್ದ ಅಪ್ಪ ತೋಟದಲ್ಲಿ ಕಳ್ಳರನ್ನು ಕಂಡರೆ ಹೇಗಾಗುತ್ತಿದ್ದರು ಅಂತ ನನಗೆ ನೆನಪಾಯ್ತು.

ಹನ್ನೆರಡರ ಹೊತ್ತಿಗೆ ಬಿಸಿಲು ನೆತ್ತಿ ಸುಡ್ತಿತ್ತು. ಅದೇ ಹೆಜ್ಜೆ, ಅದೇ ಸುತ್ತು. ಪ್ರವಾಸಿಗಳು ಒಬ್ಬೊಬ್ಬರಾಗಿ ಎದ್ದು ಹೋದರು, ಮಾಳಿಗೆ ಅರ್ಧ ಖಾಲಿ. ಚೌಕಿ ಸರ್, ನಿಮ್ಮ ಮಾತು ನೆನಪಿಟ್ಟುಕೊಂಡು ಕೂತೇ ಇದ್ದೆ. ಒಂದು ಹೊತ್ತಿನಲ್ಲಿ ಕುಣಿತದ ಮೇಲಿನ ಗಮನ ಹೋಗಿ ತಾಳದ ಮೇಲೆ ಬಂತು. ಡೋಲಿನ ಏಟಿಗೂ ಏಟಿಗೂ ನಡುವೆ ಇಷ್ಟು ಅಂತರ ಇರತ್ತೆ, ಆ ಅಂತರದಲ್ಲಿ ಕುಣಿಯುವವರ ಕಾಲು ಗಾಳಿಯಲ್ಲಿ ನಿಂತಿರತ್ತೆ, ಅಜ್ಜಿಯ ಮಣಿಚಕ್ರ ಮಾತ್ರ ಕಿರ್ ಅಂತ ತಿರುಗತ್ತೆ. ಮೂರು ಗಂಟೆ ಹೇಗೆ ಹೋಯ್ತೋ ತಿಳಿಯಲಿಲ್ಲ.

ಒಂದು ಕುಣಿತ ಮುಗಿದು ಸಾಲು ಒಳಗೆ ಹೋಗುವಾಗ ಕೊನೆಯವನು ಬಾಗಿಲ ಹತ್ತಿರವೇ ಮುಖವಾಡ ಎತ್ತಿದ. ಒಳಗಿದ್ದದ್ದು ಹದಿನೇಳು ಹದಿನೆಂಟರ ಹುಡುಗ. ಹಣೆಗೂ ಗಲ್ಲಕ್ಕೂ ಬಟ್ಟೆ ಸುತ್ತಿದ್ದ, ಬಟ್ಟೆಯೆಲ್ಲ ಬೆವರಲ್ಲಿ ತೊಯ್ದು ಬಣ್ಣ ಬದಲಾಗಿತ್ತು. ಕೆನ್ನೆಯ ಮೇಲೆ ಮುಖವಾಡದ ಅಂಚು ಒತ್ತಿದ ಕೆಂಪು ಗೆರೆ. ಹಿರಿಯ ಲಾಮಾ ಒಬ್ಬರು ಅವನ ಕೈಯಿಂದ ಮುಖವಾಡ ಇಸಕೊಂಡು, ನೆಲಕ್ಕೆ ತಾಗದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಅದರ ಹಣೆಗೆ ತಮ್ಮ ಹಣೆ ಮುಟ್ಟಿಸಿ ಒಳಗೆ ತಗೊಂಡು ಹೋದರು. ನಾನು ಫೋನ್ ತೆಗೆಯಲಿಲ್ಲ.

ಎರಡನೇ ದಿನ ಉಗ್ರರೂಪಗಳ ಕುಣಿತ. ಹಿಟ್ಟಿನಲ್ಲಿ ಮಾಡಿದ ಪುಟ್ಟ ಮನುಷ್ಯನ ಆಕೃತಿಯನ್ನು ಕತ್ತಿಯಿಂದ ಕತ್ತರಿಸಿ ತುಂಡುಗಳನ್ನು ದಿಕ್ಕುದಿಕ್ಕಿಗೆ ಎಸೆದರು. ಪಕ್ಕದಲ್ಲಿದ್ದ ಕಾಲೇಜು ಹುಡುಗ ಹಿಂದಿಯಲ್ಲಿ ವಿವರಿಸಿದ: ಅದು ಶತ್ರು ಅಲ್ಲ, ಪ್ರತಿಯೊಬ್ಬರ ಒಳಗಿನ "ನಾನು".

ಬಿಡುವಿನಲ್ಲಿ ಅಬಿ-ಲೆ ತಮ್ಮ ಖಂಬೀರ್ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟು, ಫ್ಲಾಸ್ಕಿನಿಂದ ಬೆಣ್ಣೆ ಹಾಕಿದ ಉಪ್ಪು ಚಹಾ ಬಗ್ಗಿಸಿದರು. ನಮಗಿಬ್ಬರಿಗೂ ಪರಸ್ಪರ ಭಾಷೆ ಬರಲ್ಲ. ನನ್ನ ಫೋನಿನಲ್ಲಿ ಅಡಿಕೆ ಕೋಣೆಯ ಕ್ಯಾಲೆಂಡರಿನ ಫೋಟೋ ಇತ್ತು, ಅಮ್ಮ ಹೊರಡುವ ಮುಂಚೆ ತೆಗೆಸಿ ಕಳಿಸಿದ್ದು. ತೋರಿಸಿದೆ. ಮಾಸಿದ ಕಾಗದ, ಒಂದು ಮೂಲೆ ಗೆದ್ದಲು ತಿಂದದ್ದು, ಪಕ್ಕದಲ್ಲಿ ಅಪ್ಪನ ಕೈಬರಹದಲ್ಲಿ ಗೊನೆಯ ಲೆಕ್ಕ. ಅಬಿ-ಲೆ ಮುಖ ಹತ್ತಿರ ತಂದು ನೋಡಿದರು, "ಗೊನ್ಪೊ" ಅಂದರು. ಮಹಾಕಾಲನಿಗೆ ಅವರ ಹೆಸರು ಅದು. ಆಮೇಲೆ ಫೋನನ್ನು ನನ್ನ ಕೈಯಿಂದ ತಗೊಂಡು ಹಣೆಗೆ ಮುಟ್ಟಿಸಿಕೊಂಡು ಪಕ್ಕದ ಅಜ್ಜಿಗೆ ಕೊಟ್ಟರು. ಅವರೂ ಹಣೆಗೆ ಮುಟ್ಟಿಸಿಕೊಂಡು ಮುಂದಿನವರಿಗೆ ಕೊಟ್ಟರು. ಆ ಸಾಲಿನ ಕೊನೆಯವರೆಗೆ ಹೋಗಿ ವಾಪಸ್ ಬಂತು.

ಕರಾವಳಿ_ಚೌಕಿ | ಜುಲೈ 4

ಆ ಹುಡುಗನ ಹಣೆಪಟ್ಟಿ ಓದಿ ನನ್ನ ಕೈ ಹಣೆಗೆ ಹೋಯಿತು ಮಗಾ. ಕಿರೀಟ ಕಟ್ಟಿದ ಗುರುತು ನನಗೆ ಇನ್ನೂ ಉಂಟು. ಬರುವ ಗುಟೊರ್‌ಗೆ ನಾನೂ ಬೈಲುಕುಪ್ಪೆಗೆ ಬರಬೇಕು. ಉಡುಪಿಯಿಂದ ಬಸ್ಸು ಹೇಗೆ?

ಕುಶಾಲನಗರ_ಅಂಗಡಿ | ಜುಲೈ 5

ಮಂಗಳೂರಿಗೆ ಬಂದು ಮಡಿಕೇರಿ ಮೇಲೆ ಮೈಸೂರಿಗೆ ಹೋಗೋ ಬಸ್ಸು ಹಿಡಿಯಿರಿ ಸರ್, ಕುಶಾಲನಗರದಲ್ಲಿ ಇಳಿದರೆ ಆಯ್ತು. ದಿನ ಗೊತ್ತಾದ ಕೂಡಲೇ ಇಲ್ಲೇ ಹಾಕ್ತೇನೆ. ತುಂಗಾತೀರ ಮೇಡಂ, ಅಮ್ಮನ ಪಕ್ಕ ಕೂತಿದ್ದವರು ನಮ್ಮ ಅಂಗಡಿಗೆ ಬಂದಿದ್ದರು. ತೀರ್ಥಹಳ್ಳಿ ಅಮ್ಮನ ಮಂಡಿ ಈಗ ಹೇಗಿದೆ ಅಂತ ಕೇಳಿದರು.